ಸಂಕಟದ ಹೊತ್ತಿನ ಬಾಡಿಗೆ

ಬಾಡಿಗೆ ಪಡೆದು ಜನರನ್ನು ಒಂದೂರಿನಿಂದ ಇನ್ನೊಂದೂರಿಗೆ ತಲುಪಿಸುವುದು ಧರ್ಮಸಮ್ಮತವಾದ ದುಡಿಮೆ. ಒಂಟೆ, ಕುದುರೆ, ಹಡಗುಗಳನ್ನು ಬಾಡಿಗೆಗೆ ಕೊಡುವ ನಿಯಮಗಳನ್ನು ಫಿಕ್‌ಹ್ ಗ್ರಂಥಗಳು ವಿಸ್ತಾರವಾಗಿ ಚರ್ಚಿಸಿವೆ. ಪ್ರವಾದಿವರ್ಯರು(ಸ) ಮತ್ತು ಹ. ಅಬೂಬಕರ್(ರ) ಹಿಜ್ರತ್‌ಗೆ ಹೊರಟಾಗ ಬನೂ ದೀಲ್ ಗೋತ್ರದ ಒಬ್ಬ ದಾರಿ ಬಲ್ಲವನನ್ನು ಕೂಲಿಗೆ ಗೊತ್ತುಮಾಡಿಕೊಂಡಿದ್ದರು. ಅವನು ಮುಸ್ಲಿಮನಾಗಿರಲಿಲ್ಲ. ತನ್ನನ್ನು ನೇಮಿಸಿಕೊಂಡವರು ಎಂತಹ ಅಪಾಯದಲ್ಲಿದ್ದಾರೆಂಬುದು ಅವನಿಗೆ ಗೊತ್ತಿತ್ತು. ಅವರನ್ನು ಹಿಡಿದುಕೊಟ್ಟವರಿಗೆ ನೂರು ಒಂಟೆಗಳ ಬಹುಮಾನವನ್ನು ಕುರೈಶರು ಘೋಷಿಸಿದ್ದರು. ಆದರೂ ಅವನು ದ್ರೋಹ ಬಗೆಯಲಿಲ್ಲ. ಒಪ್ಪಿದಂತೆ ಮೂರು ರಾತ್ರಿಗಳು ಕಳೆದ ಮೇಲೆ ಒಂಟೆಗಳೊಂದಿಗೆ ಸೌರ್ ಗುಹೆಯ ಬಳಿ ಹಾಜರಾದನು.

ಪ್ರಯಾಣಿಕನ ನಿಸ್ಸಹಾಯಕತೆಯನ್ನು ಬಲ್ಲ ದುಡಿಮೆಗಾರನು ಹೇಗೆ ನಡೆದುಕೊಳ್ಳಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕೇ? ಹಾಗಾದರೆ ಪ್ರಶ್ನೆ ಇರುವುದು ಬಾಡಿಗೆ ಪಡೆಯುವುದರಲ್ಲಲ್ಲ. ಸಂಕಟದ ಹೊತ್ತಿನಲ್ಲಿ ಎಷ್ಟು ಪಡೆಯಬಹುದು, ಯಾವುದಕ್ಕಾಗಿ ಪಡೆಯಬಹುದು ಎಂಬುದರಲ್ಲಿ. ಕೊರೋನಾ ಕಾಲವು ಈ ಪ್ರಶ್ನೆಯನ್ನು ನಮ್ಮ ಮುಂದೆ ಇಟ್ಟು ಹೋಗಿದೆ. ರೋಗ ತಗ್ಗಿದ ಮಾತ್ರಕ್ಕೆ ಪ್ರಶ್ನೆ ತಗ್ಗಿಲ್ಲ.

ನಮ್ಮ ಊರುಗಳ ಸ್ಥಿತಿ

ಹುಮನಾಬಾದ್ ದಾರಿಗಳು ಕೂಡುವ ಊರು. ಹೈದರಾಬಾದಿನಿಂದ ಸೋಲಾಪುರದ ಕಡೆಗೆ ಹೋಗುವ ಹೆದ್ದಾರಿಯೂ ಬೀದರ್‌ನಿಂದ ಕಲಬುರಗಿಗೆ ಹೋಗುವ ಹೆದ್ದಾರಿಯೂ ಇಲ್ಲಿ ಸಂಧಿಸುತ್ತವೆ. ಬಸವಕಲ್ಯಾಣವು ಇಲ್ಲಿಂದ ಪಶ್ಚಿಮಕ್ಕೆ, ಸೋಲಾಪುರದ ಹೆದ್ದಾರಿಗೆ ಹತ್ತಿರದಲ್ಲಿದೆ. ದಾರಿಗಳಿಗೆ ಕೊರತೆಯಿಲ್ಲ. ಆದರೆ ದೊಡ್ಡ ಕಾಯಿಲೆಗೆ ದೊಡ್ಡ ಆಸ್ಪತ್ರೆ ಬೇಕೆಂದರೆ ಬೀದರ್‌ಗೋ ಕಲಬುರಗಿಗೋ ಹೋಗಬೇಕು. ಹುಮನಾಬಾದಿನಿಂದ ಸುಮಾರು 50-60 ಕಿ.ಮೀ., ಬಸವಕಲ್ಯಾಣದಿಂದ ಸುಮಾರು 80 ಕಿ.ಮೀ. ಆದ್ದರಿಂದ ಇಲ್ಲಿಯ ರೋಗಿಗೆ ವೈದ್ಯರಷ್ಟೇ ಮುಖ್ಯನಾದವನು ವಾಹನದ ಚಾಲಕ.

2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೊರೋನಾ ಸಾವೆಂದು ದಾಖಲಾದುದು ನೆರೆಯ ಕಲಬುರಗಿಯ ವೃದ್ಧರೊಬ್ಬರದು. ಮಾರ್ಚ್ 25ರಿಂದ ದೇಶವ್ಯಾಪಿ ಲಾಕ್‌ಡೌನ್ ಜಾರಿಗೆ ಬಂತು. ವಾಹನಗಳು ನಿಂತವು. ಮೇ 19ರಿಂದ ರಾಜ್ಯದಲ್ಲಿ ಆಟೋ, ಟ್ಯಾಕ್ಸಿಗಳಿಗೆ ಅನುಮತಿ ಸಿಕ್ಕಿತಾದರೂ ಚಾಲಕನಲ್ಲದೆ ಇಬ್ಬರು ಪ್ರಯಾಣಿಕರು, ಮ್ಯಾಕ್ಸಿಕ್ಯಾಬ್‌ನಲ್ಲಿ ಮೂವರು ಮಾತ್ರ ಎಂಬ ನಿರ್ಬಂಧವಿತ್ತು.

ಎರಡನೆಯ ವರ್ಷ ಇನ್ನೂ ಕಠಿಣವಾಗಿತ್ತು. 2021ರ ಏಪ್ರಿಲ್ 7ರಿಂದ 21ರ ತನಕ ಸಾರಿಗೆ ನೌಕರರ ಮುಷ್ಕರ ನಡೆಯಿತು. ಆ ನಡುವೆಯೇ 14ರಂದು ರಮಝಾನ್ ಆರಂಭವಾಯಿತು. 17ರಂದು ಬಸವಕಲ್ಯಾಣ ವಿಧಾನಸಭಾ ಕ್ಷೇತ್ರದ ಉಪಚುನಾವಣೆ ಇತ್ತು. ಮುಷ್ಕರ ಮುಗಿದು ವಾರ ಕಳೆಯುವುದರೊಳಗೆ, 27ರ ರಾತ್ರಿಯಿಂದ ರಾಜ್ಯಾದ್ಯಂತ ಕೊರೋನಾ ಕರ್ಫ್ಯೂ ಬಂದು ಬಸ್ಸುಗಳು ಮತ್ತೆ ನಿಂತವು. ರೋಗ ಏರುತ್ತಿದ್ದ ತಿಂಗಳಲ್ಲೇ ಬಡವನ ವಾಹನವಾದ ಬಸ್ಸು ಬಹುಮಟ್ಟಿಗೆ ಇಲ್ಲವಾಯಿತು. ಉಸಿರು ಕಟ್ಟುತ್ತಿರುವ ತಂದೆಯನ್ನು ಆಸ್ಪತ್ರೆಗೆ ಸಾಗಿಸಬೇಕಾದವನು ಖಾಸಗಿ ವಾಹನದವನ ಬಾಯಿಂದ ಬರುವ ಮೊತ್ತಕ್ಕಾಗಿ ಕಾದು ನಿಲ್ಲಬೇಕಾಯಿತು.

ಇದು ನಮ್ಮೂರಿನ ಸಮಸ್ಯೆ ಮಾತ್ರವಾಗಿರಲಿಲ್ಲ. ಆಂಬುಲೆನ್ಸ್‌ಗಳಿಗೆ ನ್ಯಾಯವಾದ ದರ ನಿಗದಿಪಡಿಸಬೇಕೆಂದು 2020ರ ಸೆಪ್ಟೆಂಬರ್ 11ರಂದು ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳಿಗೆ ನಿರ್ದೇಶನ ನೀಡಿತು. 2021ರ ಮೇ ತಿಂಗಳಲ್ಲಿ ದಿಲ್ಲಿ ಸರ್ಕಾರವು ರೋಗಿಯನ್ನು ಸಾಗಿಸುವ ಸಾಮಾನ್ಯ ಖಾಸಗಿ ಆಂಬುಲೆನ್ಸ್‌ಗೆ ಮೊದಲ 10 ಕಿ.ಮೀ.ಗೆ 1,500 ರೂ., ಆ ಬಳಿಕ ಪ್ರತಿ ಕಿ.ಮೀ.ಗೆ 100 ರೂ. ಮಿತಿ ಹಾಕಿತು. ದೇಶದ ಅತ್ಯುನ್ನತ ನ್ಯಾಯಾಲಯವೇ ಬಾಯಿ ತೆರೆಯಬೇಕಾಯಿತೆಂದರೆ ಸಂಕಟದ ಹೊತ್ತಿನಲ್ಲಿ ಮನುಷ್ಯನ ಕೈ ಎಷ್ಟು ಉದ್ದವಾಗುತ್ತದೆಂಬುದನ್ನು ಊಹಿಸಿಕೊಳ್ಳಬಹುದು.

ಮೊಬೈಲ್ ಹೇಳುವ ದರ

ಹೈದರಾಬಾದ್, ಬೆಂಗಳೂರುಗಳಲ್ಲಿ ಈ ಮಾತು ಇನ್ನೊಂದು ರೂಪ ಪಡೆದಿದೆ. ಅಲ್ಲಿ ಓಲಾ, ಊಬರ್‌ನಂತಹ ಕಂಪೆನಿಗಳ ಕಾರುಗಳನ್ನು ಮೊಬೈಲ್ ಮೂಲಕ ಕರೆಯುತ್ತಾರೆ. ಬಾಡಿಗೆಯನ್ನು ಚಾಲಕನು ಹೇಳುವುದಿಲ್ಲ, ಕಂಪೆನಿಯ ಕಂಪ್ಯೂಟರ್ ಹೇಳುತ್ತದೆ. ಒಂದು ಪ್ರದೇಶದಲ್ಲಿ ಕಾರು ಕೇಳುವವರು ಹೆಚ್ಚಿ ಕಾರುಗಳು ಕಡಿಮೆಯಾದರೆ ಅದು ಮೂಲ ದರವನ್ನು ಒಂದೂವರೆ ಪಟ್ಟು, ಎರಡು ಪಟ್ಟು ಎಂದು ಏರಿಸುತ್ತದೆ. ಮಳೆ ಬಂದರೂ ಏರುತ್ತದೆ, ಹಬ್ಬ ಬಂದರೂ ಏರುತ್ತದೆ. ಜನರು ಯಾಕೆ ಕಾರು ಕೇಳುತ್ತಿದ್ದಾರೆಂಬುದು ಆ ಲೆಕ್ಕಕ್ಕೆ ತಾನಾಗಿಯೇ ತಿಳಿಯುವುದಿಲ್ಲ.

2014ರ ಡಿಸೆಂಬರ್ 15ರಂದು ಆಸ್ಟ್ರೇಲಿಯಾದ ಸಿಡ್ನಿ ನಗರದ ಒಂದು ಕಾಫಿ ಅಂಗಡಿಯಲ್ಲಿ ಬಂದೂಕುಧಾರಿಯೊಬ್ಬ ಜನರನ್ನು ಒತ್ತೆಯಾಗಿರಿಸಿಕೊಂಡನು. ಭೀತರಾದ ಜನರು ಆ ಪ್ರದೇಶ ಬಿಟ್ಟು ಹೊರಡಲು ಕಾರುಗಳನ್ನು ಕರೆದರು. ಊಬರ್‌ನ ದರ ಸುಮಾರು ನಾಲ್ಕು ಪಟ್ಟು ಏರಿತು. ಜಗತ್ತಿನೆಲ್ಲೆಡೆ ಟೀಕೆ ಕೇಳಿಬಂದ ಮೇಲೆ ಕಂಪೆನಿಯು ಅಲ್ಲಿಂದ ಹೊರಡುವವರಿಗೆ ಉಚಿತ ಪ್ರಯಾಣ ಒದಗಿಸಿ, ಪಡೆದ ಹಣವನ್ನು ಹಿಂದಿರುಗಿಸಿತು. ಅದೇ ವರ್ಷದ ಜುಲೈಯಲ್ಲಿ, ತುರ್ತು ಸ್ಥಿತಿಗಳಲ್ಲಿ ದರ ಏರಿಕೆಗೆ ಮಿತಿ ಹಾಕಲು ಅದು ಅಮೆರಿಕದ ನ್ಯೂಯಾರ್ಕ್‌ನ ಸರ್ಕಾರಿ ಅಧಿಕಾರಿಗಳೊಂದಿಗೆ ಒಪ್ಪಂದ ಮಾಡಿಕೊಂಡಿತ್ತು. ಯಂತ್ರಕ್ಕೆ ಲೆಕ್ಕ ಬರುತ್ತದೆ, ಲಜ್ಜೆ ಬರುವುದಿಲ್ಲ. ಲಜ್ಜೆಯನ್ನು ಮನುಷ್ಯನೇ ತರಬೇಕು.

ನಮ್ಮ ದೇಶದಲ್ಲಿ ಕೇಂದ್ರ ಸರ್ಕಾರವು 2020ರ ನವೆಂಬರ್‌ನ ಮಾರ್ಗಸೂಚಿಯಲ್ಲಿ ಈ ಏರಿಕೆಗೆ ಮೂಲ ದರದ ಒಂದೂವರೆ ಪಟ್ಟು ಎಂಬ ಮಿತಿ ಹಾಕಿತ್ತು. 2025ರ ಜುಲೈಯ ಹೊಸ ಮಾರ್ಗಸೂಚಿಯಲ್ಲಿ ಅದನ್ನು ಎರಡು ಪಟ್ಟಿಗೆ ಹೆಚ್ಚಿಸಲಾಗಿದೆ. ಕರ್ನಾಟಕ ಸರ್ಕಾರವು 2024ರ ಫೆಬ್ರವರಿಯಲ್ಲಿ ಸಿಟಿ ಟ್ಯಾಕ್ಸಿಗಳಿಗೂ ಆ್ಯಪ್ ಟ್ಯಾಕ್ಸಿಗಳಿಗೂ ಏಕರೂಪ ದರ ಗೊತ್ತುಪಡಿಸಿತು. 10 ಲಕ್ಷ ರೂ.ವರೆಗಿನ ಬೆಲೆಯ ವಾಹನಕ್ಕೆ ಮೊದಲ 4 ಕಿ.ಮೀ.ಗೆ 100 ರೂ., ಬಳಿಕ ಪ್ರತಿ ಕಿ.ಮೀ.ಗೆ 24 ರೂ. ಎಂಬುದು ಆ ಆದೇಶ.

ಕಾನೂನು ಮಿತಿ ಹಾಕುತ್ತದೆ. ಆದರೆ ಮಧ್ಯರಾತ್ರಿ ಹಳ್ಳಿಯ ಬಾಗಿಲಲ್ಲಿ ನಡೆಯುವ ಮಾತುಕತೆಯ ಬಳಿ ಪೊಲೀಸರು ಇರುವುದಿಲ್ಲ. ಅಲ್ಲಿ ಇರುವುದು ಚಾಲಕ, ರೋಗಿಯ ಮನೆಯವರು ಮತ್ತು ಇಬ್ಬರನ್ನೂ ನೋಡುತ್ತಿರುವ ಅಲ್ಲಾಹನು.

ಹೆಸರಿರುವ ಹಣ, ಹೆಸರಿಲ್ಲದ ಹಣ

ಹಾಗಾದರೆ ಸಂಕಟದ ಹೊತ್ತಿನಲ್ಲಿ ಒಂದು ರೂಪಾಯಿಯನ್ನೂ ಹೆಚ್ಚು ಪಡೆಯಬಾರದೇ? ಹಾಗಲ್ಲ. ಎರಡು ಲೆಕ್ಕಗಳನ್ನು ನೋಡೋಣ. ಇಲ್ಲಿಯ ಮೊತ್ತಗಳು ತಿಳಿವಳಿಕೆಗಾಗಿ ಹಾಕಿಕೊಂಡವು.

ಮೊದಲನೆಯದು: ಹತ್ತು ಮಂದಿಯನ್ನು ತಲಾ 40 ರೂ.ಗೆ ಕರೆದೊಯ್ಯುವ ಜೀಪಿಗೆ ಒಂದು ಸುತ್ತಿಗೆ 400 ರೂ. ಸಿಗುತ್ತದೆ. ಮೂವರನ್ನೇ ಕೂರಿಸಬೇಕೆಂದು ಸರ್ಕಾರ ಹೇಳಿದಾಗ ಅದೇ 400 ರೂ. ಮೂವರ ಮೇಲೆ ಬೀಳುತ್ತದೆ, ತಲಾ 133 ರೂ. ಪ್ರಯಾಣಿಕನಿಗೆ ದರ ಮೂರು ಪಟ್ಟು ಹೆಚ್ಚಾಯಿತು. ಚಾಲಕನಿಗೆ ಒಂದು ಪೈಸೆಯೂ ಹೆಚ್ಚು ಸಿಗಲಿಲ್ಲ. ಇಂತಹವನನ್ನು ಸುಲಿಗೆಕೋರನೆಂದು ಕರೆದರೆ ಅದು ಆರೋಪವಾಗುತ್ತದೆ, ಪಾಪವಾಗುತ್ತದೆ.

ಎರಡನೆಯದು: ಬಸವಕಲ್ಯಾಣದಿಂದ ಕಲಬುರಗಿಗೆ ಹೋಗಿ ಬರುವ ಕಾರಿನ ಸಾಮಾನ್ಯ ಬಾಡಿಗೆ 2,400 ರೂ. ಎಂದಿಟ್ಟುಕೊಳ್ಳೋಣ. ರೋಗಿಯನ್ನು ಸಾಗಿಸುವಾಗ ಮಾಸ್ಕ್, ಕೈಗವಸು, ಔಷಧ ಸಿಂಪಡಣೆಗೆ 200 ರೂ. ಕಾರನ್ನು ತೊಳೆದು ಮರುದಿನ ನಿಲ್ಲಿಸಿಡಬೇಕಾದ ನಷ್ಟಕ್ಕೆ 1,000 ರೂ. ರಾತ್ರಿಯ ದುಡಿಮೆಗೆ, ಆಸ್ಪತ್ರೆಯ ಮುಂದೆ ಕಾಯುವುದಕ್ಕೆ 400 ರೂ. ಒಟ್ಟು 4,000 ರೂ. ಇಲ್ಲಿ ಪ್ರತಿಯೊಂದು ರೂಪಾಯಿಗೂ ಒಂದು ಹೆಸರಿದೆ. ಚಾಲಕನು ಅದನ್ನು ಎಣಿಸಿ ಹೇಳಬಲ್ಲನು, ಕೊಡುವವನು ಒಪ್ಪಬಲ್ಲನು. ಆದರೆ ಅವನು 12,000 ರೂ. ಕೇಳಿದರೆ ಉಳಿದ 8,000 ಯಾವುದಕ್ಕೆ? ಡೀಸೆಲ್‌ಗೆ ಅಲ್ಲ, ದುಡಿಮೆಗೆ ಅಲ್ಲ, ನಷ್ಟಕ್ಕೂ ಅಲ್ಲ. ಎದುರಿಗಿರುವವನಿಗೆ ಬೇರೆ ದಾರಿಯಿಲ್ಲ ಎಂಬುದಕ್ಕಾಗಿ ಮಾತ್ರ.

ವಿದ್ವಾಂಸರು ಇದಕ್ಕೊಂದು ಅಳತೆಗೋಲು ಕೊಟ್ಟಿದ್ದಾರೆ. ಅದನ್ನು ಉಜ್ರತೆ ಮಿಸ್ಲ್ ಎನ್ನುತ್ತಾರೆ. ಅದೇ ಬಗೆಯ ಕೆಲಸಕ್ಕೆ, ಅದೇ ಪರಿಸ್ಥಿತಿಯಲ್ಲಿ, ಆ ಕಸುಬನ್ನು ಬಲ್ಲ ನ್ಯಾಯವಂತರು ಎಷ್ಟು ಎಂದು ಹೇಳುವರೋ ಅದು. ಪರಿಸ್ಥಿತಿ ಕಠಿಣವಾದರೆ ಆ ಅಳತೆಯೂ ಏರುತ್ತದೆ. ಆದರೆ ಅದು ಕೆಲಸದ ಭಾರದೊಂದಿಗೆ ಏರುತ್ತದೆ, ಎದುರಿಗಿರುವವನ ಕಣ್ಣೀರಿನೊಂದಿಗೆ ಅಲ್ಲ.

"ಅವರೇ ಒಪ್ಪಿ ಕೊಟ್ಟರಲ್ಲ!" ಎಂದು ಕೆಲವರು ವಾದಿಸುತ್ತಾರೆ. ಪರಸ್ಪರ ಒಪ್ಪಿಗೆಯ ವ್ಯಾಪಾರದ ಮೂಲಕವಲ್ಲದೆ ಒಬ್ಬರ ಸೊತ್ತನ್ನು ಇನ್ನೊಬ್ಬರು ಕಬಳಿಸಬಾರದೆಂದು ಪವಿತ್ರ ಕುರ್‌ಆನ್ ಕಲಿಸುತ್ತದೆ (ಅನ್ನಿಸಾ: 29). ನೀರಿನಲ್ಲಿ ಮುಳುಗುತ್ತಿರುವವನು ಹಗ್ಗದ ಬೆಲೆಗೆ ತಲೆಯಾಡಿಸಿದರೆ ಅದು ಒಪ್ಪಿಗೆಯೇ? ನಿರ್ಬಂಧಕ್ಕೆ ಸಿಲುಕಿದವನೊಂದಿಗೆ ಅವನ ಅಸಹಾಯಕತೆಯನ್ನು ಬಳಸಿ ವ್ಯವಹರಿಸುವುದನ್ನು ತಡೆಯುವ ಒಂದು ಹದೀಸ್ ಹ. ಅಲೀ(ರ) ಅವರಿಂದ ಅಬೂದಾವೂದ್‌ನಲ್ಲಿ ವರದಿಯಾಗಿದೆ. ಅದರ ಸನದ್ ದುರ್ಬಲವೆಂದು ಹದೀಸ್ ತಜ್ಞರು ಹೇಳಿದ್ದಾರಾದರೂ ಅದರ ಆಶಯವನ್ನು ಇಸ್ಲಾಮಿನ ಬೇರೆ ಬೋಧನೆಗಳು ದೃಢಪಡಿಸುತ್ತವೆ. ಕೊಳ್ಳುವಾಗಲೂ ಮಾರುವಾಗಲೂ ಹಕ್ಕು ಕೇಳುವಾಗಲೂ ಮೃದುವಾಗಿ ನಡೆದುಕೊಳ್ಳುವವನಿಗಾಗಿ ಪ್ರವಾದಿವರ್ಯರು(ಸ) ಅಲ್ಲಾಹನ ಕರುಣೆಯನ್ನು ಬೇಡಿದ್ದು ಬುಖಾರಿಯಲ್ಲಿದೆ.

ಎರಡು ಆಕ್ಷೇಪಗಳು

ಮೊದಲ ಆಕ್ಷೇಪ ಧರ್ಮದ ಹೆಸರಿನಲ್ಲಿ ಬರುತ್ತದೆ. ಮದೀನಾದಲ್ಲಿ ಬೆಲೆಗಳು ಏರಿದಾಗ ಜನರು ಬೆಲೆ ನಿಗದಿಪಡಿಸಲು ಕೇಳಿಕೊಂಡರು, ಪ್ರವಾದಿವರ್ಯರು(ಸ) ನಿರಾಕರಿಸಿದರು, ಆದ್ದರಿಂದ ನಮ್ಮ ಬಾಡಿಗೆಯನ್ನು ಪ್ರಶ್ನಿಸಲು ಯಾರಿಗೂ ಹಕ್ಕಿಲ್ಲ ಎನ್ನುತ್ತಾರೆ. ಹ. ಅನಸ್(ರ) ವರದಿ ಮಾಡಿದ ಈ ಹದೀಸ್ ನಿಜ. ಆದರೆ ಅದನ್ನು ಕೊನೆಯ ತನಕ ಓದಬೇಕು. ತಮ್ಮಿಂದ ಅನ್ಯಾಯವಾಯಿತೆಂದು ಯಾರೊಬ್ಬರೂ ದೂರದಂತಹ ಸ್ಥಿತಿಯಲ್ಲಿ ಅಲ್ಲಾಹನನ್ನು ಭೇಟಿಯಾಗಬೇಕೆಂಬ ಬಯಕೆಯೇ ಅವರು ಕೊಟ್ಟ ಕಾರಣವಾಗಿತ್ತು. ಅನ್ಯಾಯದ ಭಯದಿಂದ ಹೊರಟ ಮಾತನ್ನು ಅನ್ಯಾಯಕ್ಕೆ ಗುರಾಣಿಯಾಗಿ ಹಿಡಿಯುವುದು ಸರಿಯೇ? ಕ್ರಿ.ಶ. 1328ರಲ್ಲಿ ನಿಧನರಾದ ಇಮಾಮ್ ಇಬ್ನು ತೈಮಿಯಾ ಇದನ್ನು ಬಿಡಿಸಿ ಹೇಳಿದ್ದಾರೆ. ವಸ್ತು ಕಡಿಮೆಯಾಗಿಯೋ ಜನ ಹೆಚ್ಚಾಗಿಯೋ ಬೆಲೆ ತಾನಾಗಿ ಏರಿದರೆ ವ್ಯಾಪಾರಿಗಳನ್ನು ಬಲವಂತಪಡಿಸಬಾರದು. ಆದರೆ ಜನರಿಗೆ ಅಗತ್ಯವಾದುದನ್ನು ಕೈಯಲ್ಲಿಟ್ಟುಕೊಂಡು ನ್ಯಾಯವಾದ ಬೆಲೆಗೆ ಕೊಡಲು ಒಪ್ಪದವರನ್ನು ಆ ಬೆಲೆಗೆ ಕೊಡುವಂತೆ ಆಡಳಿತವು ಕಡ್ಡಾಯಪಡಿಸಬಹುದು. ಅವರ ಶಿಷ್ಯರಾದ ಇಬ್ನುಲ್ ಕಯ್ಯಿಮ್ ಕೂಡ ಇದೇ ದಾರಿಯಲ್ಲಿ ನಡೆದಿದ್ದಾರೆ.

ಎರಡನೆಯ ಆಕ್ಷೇಪ ಅರ್ಥಶಾಸ್ತ್ರದ ಹೆಸರಿನಲ್ಲಿ ಬರುತ್ತದೆ. ದರ ಏರಿದರೆ ಮನೆಯಲ್ಲಿರುವ ಚಾಲಕರೂ ಹೊರಗೆ ಬರುತ್ತಾರೆ, ಅವಸರವಿಲ್ಲದವರು ಕಾಯುತ್ತಾರೆ, ಎಲ್ಲರಿಗೂ ಕಾರು ಸಿಗುತ್ತದೆ ಎಂಬ ವಾದವಿದು. ಮಳೆಯ ಸಂಜೆಗೆ ಈ ಮಾತಿನಲ್ಲಿ ಸತ್ಯವಿದೆ. ಸಾಂಕ್ರಾಮಿಕದ ರಾತ್ರಿಗೆ ಇಲ್ಲ. ಕರ್ಫ್ಯೂ, ಪಾಸು, ರೋಗದ ಭಯ, ಮನೆಯಲ್ಲಿರುವ ವೃದ್ಧ ತಾಯಿಯ ಚಿಂತೆ ಇವು ಚಾಲಕನನ್ನು ತಡೆದು ನಿಲ್ಲಿಸಿದ್ದವು. ಇತ್ತ ರೋಗಿಗೆ ನಾಳೆಯ ತನಕ ಕಾಯುವ ಆಯ್ಕೆಯಿರಲಿಲ್ಲ. ಹೀಗಿರುವಾಗ ಏರಿದ ದರವು ವಾಹನಗಳ ಸಂಖ್ಯೆಯನ್ನು ಅಷ್ಟಾಗಿ ಹೆಚ್ಚಿಸದು. ಯಾರ ತಾಯಿ ಮೊದಲು ಆಸ್ಪತ್ರೆ ಸೇರಬೇಕೆಂಬುದನ್ನು ಕಾಯಿಲೆಯ ಬದಲು ಜೇಬು ತೀರ್ಮಾನಿಸುವಂತೆ ಮಾಡುತ್ತದೆ. ಚಾಲಕನಿಗೆ ಹೆಚ್ಚಿನ ಪ್ರೋತ್ಸಾಹ ಬೇಕೆಂಬುದು ನಿಜವಾದರೆ ಅದನ್ನು ಕೊಡಬೇಕಾದುದು ಸಮಾಜ. ರೋಗಿಯ ಹೆಂಡತಿಯ ಬಳೆಯಿಂದ ಅದನ್ನು ಕಿತ್ತುಕೊಳ್ಳಬಾರದು.

ಚಾಲಕನ ಹಕ್ಕು

ಇಷ್ಟು ಹೇಳಿ ಚಾಲಕನನ್ನು ಮರೆತರೆ ಅದೂ ಅನ್ಯಾಯವೇ. ಸಾಂಕ್ರಾಮಿಕ ಕಾಲದಲ್ಲಿ ದರಗಳು ಏರಿದ್ದು ಮಾತ್ರವಲ್ಲ, ದುಡಿಮೆಯೇ ಮಾಯವಾಗಿತ್ತು. 2020ರ ಏಪ್ರಿಲ್‌ನಲ್ಲಿ ಊಬರ್‌ನ ಪ್ರಯಾಣದ ವ್ಯವಹಾರ ಜಗತ್ತಿನಾದ್ಯಂತ ಸುಮಾರು ಶೇ. 80ರಷ್ಟು ಕುಸಿಯಿತು. ಮರುವರ್ಷ ಅಮೆರಿಕದಲ್ಲಿ ಜನರು ಮತ್ತೆ ಹೊರಗೆ ಬಂದಾಗ ಚಾಲಕರೇ ಸಾಕಷ್ಟಿರಲಿಲ್ಲ. ದರಗಳು ಏರಿದವು. ಅವರನ್ನು ಮರಳಿ ಕರೆತರಲು ಕಂಪೆನಿಯು 25 ಕೋಟಿ ಡಾಲರ್ ತೆಗೆದಿರಿಸಬೇಕಾಯಿತು. ನಮ್ಮ ರಾಜ್ಯ ಸರ್ಕಾರ 2020ರ ಮೇಯಲ್ಲಿ ಆಟೋ, ಟ್ಯಾಕ್ಸಿ ಚಾಲಕರಿಗೆ ಒಂದು ಬಾರಿಯ 5,000 ರೂ., 2021ರ ಮೇಯಲ್ಲಿ 3,000 ರೂ. ನೆರವು ಘೋಷಿಸಿತು. ತಿಂಗಳುಗಟ್ಟಲೆ ನಿಂತ ವಾಹನದ ಕಂತಿನ ಮುಂದೆ ಇದು ಎಷ್ಟರದು? 2020ರ ಮಾರ್ಚ್‌ನಿಂದ ಆಗಸ್ಟ್ ತನಕ ಸಾಲದ ಕಂತುಗಳನ್ನು ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತ್ತಾದರೂ ಬಡ್ಡಿ ಬೆಳೆಯುತ್ತಲೇ ಇತ್ತು.

ಆದ್ದರಿಂದ ಪ್ರಯಾಣಿಕನ ಮೇಲೂ ಕರ್ತವ್ಯಗಳಿವೆ. ಬಾಡಿಗೆಯನ್ನು ಹೊರಡುವ ಮೊದಲೇ ಸ್ಪಷ್ಟವಾಗಿ ಮಾತಾಡಿಕೊಳ್ಳಬೇಕು. ಕೂಲಿ ಅಸ್ಪಷ್ಟವಾಗಿರುವ ಕರಾರನ್ನು ಶರೀಅತ್ ಇಷ್ಟಪಡುವುದಿಲ್ಲ. ಆಸ್ಪತ್ರೆಯಲ್ಲಿ ಹಾಸಿಗೆ ಸಿಗದೆ ಮೂರು ತಾಸು ಕಾಯಿಸಿ, ಮೊದಲು ಹೇಳಿದ ಮೊತ್ತವನ್ನೇ ಕೈಗಿಡಬಾರದು. ರೋಗದ ವಿಷಯವನ್ನು ಚಾಲಕನಿಂದ ಮರೆಮಾಚಬಾರದು. ಅದು ಅವನ ಮನೆಯವರ ಜೀವದೊಂದಿಗೆ ಆಡುವ ಆಟ. ದುಡಿದವನ ಬೆವರು ಆರುವ ಮೊದಲೇ ಅವನ ಕೂಲಿ ಸಲ್ಲಬೇಕೆಂಬ ಪ್ರವಾದಿ(ಸ) ಬೋಧನೆಯನ್ನು ನಾವು ಭಾಷಣಗಳಲ್ಲಿ ಹೇಳುತ್ತೇವೆ. ಆಸ್ಪತ್ರೆಯ ಬಾಗಿಲಲ್ಲಿ ಅದನ್ನು ನೆನಪಿಡಬೇಕು.

ರೂಮಾ ಬಾವಿಯ ಪಾಠ

ಮದೀನಾದಲ್ಲಿ ರೂಮಾ ಎಂಬ ಬಾವಿಯಿತ್ತು. ಅದರ ನೀರನ್ನು ಹಣ ಕೊಟ್ಟು ಪಡೆಯಬೇಕಾಗಿತ್ತು. ಬಡವರಿಗೆ ಅದು ಕಷ್ಟವಾಯಿತು. ಪ್ರವಾದಿವರ್ಯರು(ಸ) ಬಾವಿಯ ಒಡೆಯನಿಂದ ಅದನ್ನು ಕಿತ್ತುಕೊಳ್ಳಲಿಲ್ಲ. ಅದನ್ನು ಕೊಂಡು ಜನರಿಗೆ ಬಿಟ್ಟುಕೊಡುವವರು ಯಾರೆಂದು ಕೇಳಿ, ಅಂಥವರಿಗೆ ಸ್ವರ್ಗದ ಸುವಾರ್ತೆ ನೀಡಿದರು. ಹ. ಉಸ್ಮಾನ್(ರ) ಅದನ್ನು ತಮ್ಮ ಹಣದಿಂದ ಕೊಂಡು ಎಲ್ಲರಿಗೂ ಮುಕ್ತಗೊಳಿಸಿದರು. ಮಾಲಕನಿಗೆ ಅವನ ಬೆಲೆ ಸಿಕ್ಕಿತು, ಬಾಯಾರಿದವನಿಗೆ ನೀರು ಸಿಕ್ಕಿತು. ಮಧ್ಯದ ಭಾರವನ್ನು ಉಳ್ಳವರು ಹೊತ್ತರು. ಇದೇ ಇಸ್ಲಾಮಿನ ದಾರಿ.

ಬಸವಕಲ್ಯಾಣ, ಹುಮನಾಬಾದಿನಂತಹ ಊರುಗಳಲ್ಲಿ ಇದನ್ನು ಕಾರ್ಯರೂಪಕ್ಕೆ ತರುವುದು ಅಸಾಧ್ಯವೇನಲ್ಲ. ಮೊದಲನೆಯದಾಗಿ, ರೋಗವಿಲ್ಲದ ದಿನಗಳಲ್ಲೇ ಟ್ಯಾಕ್ಸಿ ನಿಲ್ದಾಣದ ಚಾಲಕರೂ ಮಸೀದಿ ಕಮಿಟಿಯವರೂ ಊರಿನ ಇತರ ಸಮುದಾಯಗಳ ಹಿರಿಯರೂ ಕುಳಿತು ತುರ್ತು ಹೊತ್ತಿನ ದರವನ್ನು ಗೊತ್ತುಪಡಿಸಿ ಫಲಕದಲ್ಲಿ ಬರೆದು ಹಾಕಲಿ. ಬೀದರ್‌ಗೆ ಎಷ್ಟು, ಕಲಬುರಗಿಗೆ ಎಷ್ಟು, ಕಾಯುವ ಒಂದು ತಾಸಿಗೆ ಎಷ್ಟು ಎಂಬುದು ಎಲ್ಲರಿಗೂ ತಿಳಿದಿರಲಿ. ಪ್ರಾಮಾಣಿಕ ದುಡಿಮೆಯನ್ನೇ ಕಾಯಕವೆಂದು ಬಸವಣ್ಣನವರು ಬೋಧಿಸಿದ ನೆಲದಲ್ಲಿ ಈ ಮಾತು ಯಾರಿಗೂ ಪರಕೀಯವೆನಿಸದು. ಎರಡನೆಯದಾಗಿ, 108 ಆಂಬುಲೆನ್ಸ್ ಸೇವೆ ಉಚಿತವಾದುದು ಎಂಬುದನ್ನು ಪ್ರತಿ ಮನೆಯ ಮಹಿಳೆಯರಿಗೂ ಮಕ್ಕಳಿಗೂ ತಿಳಿಸಬೇಕು. ಮೊದಲು ಅದಕ್ಕೆ ಕರೆ ಮಾಡಬೇಕು.

ಮೂರನೆಯದಾಗಿ, ಒಂದು ಪ್ರಯಾಣ ನಿಧಿ ಇರಲಿ. ಇಲ್ಲೊಂದು ಮಸ್ಅಲಾ ಗಮನದಲ್ಲಿರಬೇಕು. ಹನಫೀ ವಿದ್ವಾಂಸರ ಪ್ರಕಾರ ಝಕಾತ್‌ನ ಹಣ ಅರ್ಹ ಬಡವನ ಒಡೆತನಕ್ಕೆ ಸೇರಬೇಕು. ಆದ್ದರಿಂದ ಬಡ ರೋಗಿಯ ಕೈಗೆ ಅದನ್ನು ಕೊಟ್ಟು ಅವನು ಬಾಡಿಗೆ ತೆರಬಹುದು. ಆದರೆ ಸಾರ್ವಜನಿಕ ವಾಹನ ಕೊಳ್ಳಲು ಝಕಾತ್ ಬಳಸದೆ ಐಚ್ಛಿಕ ಸದಕ ಮತ್ತು ವಕ್ಫ್‌ನ ಹಣ ಬಳಸಬೇಕು. ವಿವರಗಳಿಗೆ ನಿಮ್ಮ ಊರಿನ ಉಲಮಾಗಳನ್ನು ಕೇಳಿರಿ. ಈ ನಿಧಿಯ ಬಾಗಿಲು ಮುಸ್ಲಿಮೇತರ ನೆರೆಯವರಿಗೂ ತೆರೆದಿರಲಿ. ಉಸಿರು ಕಟ್ಟಿದವನ ಜಾತಿ ಕೇಳಬಾರದು. ಒಂದು ಜೀವವನ್ನು ಉಳಿಸಿದವನು ಸಕಲ ಮಾನವರನ್ನು ಉಳಿಸಿದವನಂತೆ ಎಂಬ ಕುರ್‌ಆನಿನ ಬೋಧನೆ (ಅಲ್ ಮಾಇದಾ: 32) ಒಂದು ಸಮುದಾಯದ ಜೀವದ ಬಗ್ಗೆ ಮಾತ್ರ ಬಂದುದಲ್ಲ.

ಪಡೆದವರು ಏನು ಮಾಡಬೇಕು?

ಕೊನೆಯದಾಗಿ ಒಂದು ಕಹಿ ಮಾತು. ಆ ಎರಡು ವರ್ಷಗಳಲ್ಲಿ ಜೀವ ಪಣಕ್ಕಿಟ್ಟು, ಕೆಲವೊಮ್ಮೆ ಡೀಸೆಲ್‌ನ ಹಣವನ್ನಷ್ಟೇ ಪಡೆದು ರೋಗಿಗಳನ್ನು ಸಾಗಿಸಿದ ಚಾಲಕರಿದ್ದಾರೆ. ಅವರ ಪ್ರತಿಫಲ ಅಲ್ಲಾಹನ ಬಳಿ ಭದ್ರವಾಗಿದೆ. ಆದರೆ ಹೆಸರಿಲ್ಲದ ಹಣವನ್ನು ಪಡೆದವರೂ ಇದ್ದಾರೆ. ಆಂಬುಲೆನ್ಸ್‌ನವರು ಮಾತ್ರವಲ್ಲ, ಔಷಧ ಮಾರಿದವರು, ಆಮ್ಲಜನಕದ ಸಿಲಿಂಡರ್ ಬಚ್ಚಿಟ್ಟವರು, ದಿನಸಿಯ ಬೆಲೆ ಏರಿಸಿದವರು ಕೂಡ. ಅವರಲ್ಲಿ ನಮ್ಮ ನಡುವಿನ ನಮಾಝಿಗಳೂ ಇಲ್ಲದಿಲ್ಲ.

ಆ ವಿಷಯ ಮುಗಿದು ಹೋಯಿತೇ? ಅಲ್ಲಾಹನ ಹಕ್ಕಿನಲ್ಲಿ ಆದ ಲೋಪವನ್ನು ಅವನು ತೌಬಾದಿಂದ ಮನ್ನಿಸುವನು. ದಾಸರ ಹಕ್ಕು ಹಾಗಲ್ಲ. ಅದನ್ನು ಹಿಂದಿರುಗಿಸಬೇಕು ಅಥವಾ ಅವರಿಂದ ಕ್ಷಮೆ ಪಡೆಯಬೇಕು. ಆ ದಿನ ಎಷ್ಟು ಹೆಚ್ಚು ಪಡೆದೆನೆಂದು ಕುಳಿತು ಲೆಕ್ಕ ಹಾಕಿರಿ. ಆ ಮನೆ ಗೊತ್ತಿದ್ದರೆ ಹೋಗಿರಿ. ಅಂದು ನೀವು ಸಾಗಿಸಿದ ರೋಗಿ ಮರಣ ಹೊಂದಿದ್ದರೆ ಅವನ ವಾರಸುದಾರರಿಗೆ ಕೊಡಿರಿ. ಎಷ್ಟು ಹುಡುಕಿದರೂ ಅವರ ಗುರುತು ಸಿಗದಿದ್ದರೆ ಅವರ ಪರವಾಗಿ ಅಷ್ಟು ಮೊತ್ತವನ್ನು ಬಡವರಿಗೆ ದಾನ ಮಾಡಿರಿ. ಒಮ್ಮೆಗೇ ಆಗದಿದ್ದರೆ ಕಂತುಗಳಲ್ಲಿ ತೀರಿಸಿರಿ. ವಾಹನದ ಸಾಲದ ಕಂತನ್ನು ತಪ್ಪದೆ ಕಟ್ಟುವವನಿಗೆ ಪರಲೋಕದ ಸಾಲದ ಕಂತು ಭಾರವಾಗಬಾರದು. ನಾಳೆ ವಿಚಾರಣೆಯ ದಿನ ಅಲ್ಲಿ ರೂಪಾಯಿ ಇರುವುದಿಲ್ಲ, ಸತ್ಕರ್ಮಗಳಿಂದಲೇ ತೆರಬೇಕಾಗುತ್ತದೆ.

ಅಲ್ಲಾಹನು ನಮ್ಮ ದುಡಿಮೆಯನ್ನು ಶುದ್ಧಗೊಳಿಸಲಿ. ಸಂಕಟದಲ್ಲಿರುವವರಿಗೆ ನಮ್ಮ ಕೈಗಳನ್ನು ಆಸರೆಯಾಗಿಸಲಿ. ಇನ್ನೊಬ್ಬರ ಕಣ್ಣೀರಿನ ಬೆಲೆ ನಮ್ಮ ಮನೆಯ ಅನ್ನದೊಳಗೆ ಸೇರದಂತೆ ಕಾಪಾಡಲಿ. ಆಮೀನ್.